ಬಹುಮಾರ್ಗದ ಆಟಗಳು: ವೆಚ್ಚ ಮತ್ತು ವಸೂಲಿ

‘ಇಮ್ಮರ್ಸಿವ್ ಸಿಮ್’ ವರ್ಗದ ವಿಡಿಯೋ ಗೇಮ್‌ಗಳು ವಿಮರ್ಶಕರ ಮೆಚ್ಚುಗೆ ಗಳಿಸಿಯೂ ಹೂಡಿದ ಬಂಡವಾಳವನ್ನು ಮರಳಿಸಲು ಹೆಣಗುವುದೇಕೆ? ಉತ್ತರವು ಬಹುಮಟ್ಟಿಗೆ ವೆಚ್ಚದ ಲೆಕ್ಕದಲ್ಲಿದೆ. ಬೀಗ ಹಾಕಿದ ಬಾಗಿಲೊಂದನ್ನು ಆಟಗಾರನು ಕೀಲಿಕೈಯಿಂದ ತೆರೆಯಬಹುದು, ಒಡೆಯಬಹುದು ಅಥವಾ ಗಾಳಿಕೊಳವೆಯಲ್ಲಿ ತೆವಳಿ ಒಳಸೇರಬಹುದು. ಮೂರು ಮಾರ್ಗಗಳನ್ನೂ ನಿರ್ಮಿಸಿ ಪರೀಕ್ಷಿಸಬೇಕು. ಆಟಗಾರನು ಬಳಸುವುದು ಸಾಮಾನ್ಯವಾಗಿ ಒಂದನ್ನೇ. ಮಿಕ್ಕೆರಡರ ವೆಚ್ಚವನ್ನು ಬೆಲೆಗೆ ಸೇರಿಸುವಂತಿಲ್ಲ, ಏಕೆಂದರೆ ಪಕ್ಕದಲ್ಲಿರುವ ಸರಳ ಆಟದ ಬೆಲೆಯೂ ಅಷ್ಟೇ. ಒಂದು ನಿಮಿಷದ ಜಾಹೀರಾತಿನಲ್ಲಿ ಗುಂಡಿನ ಕಾಳಗವನ್ನು ತೋರಿಸಬಹುದು, ಆಯ್ಕೆಯ ಸ್ವಾತಂತ್ರ್ಯವನ್ನು ತೋರಿಸುವುದು ಕಷ್ಟ. ಬಾಯಿಮಾತಿನ ಪ್ರಚಾರ ಹಬ್ಬುವಷ್ಟರಲ್ಲಿ ಆಟದ ಬೆಲೆ ಇಳಿದಿರುತ್ತದೆ, ಸಾಲದ ಬಡ್ಡಿ ಏರಿರುತ್ತದೆ. 1998ರಲ್ಲಿ ‘ಥೀಫ್’ ಆಟವನ್ನು ರೂಪಿಸಿ ಹೆಸರಾದ ಅಮೆರಿಕದ ಲುಕಿಂಗ್ ಗ್ಲಾಸ್ ಸಂಸ್ಥೆಯು, ಅದರ ಎರಡನೆಯ ಭಾಗ ಹೊರಬಂದ 2000ದಲ್ಲಿಯೇ ಬಾಗಿಲು ಮುಚ್ಚಿತು.

ಬೆಂಗಳೂರಿನ ಧ್ರುವ ಇಂಟರಾಕ್ಟಿವ್ ಹಿಡಿದದ್ದು ಬೇರೆ ದಾರಿ. 1997ರಲ್ಲಿ ಆರಂಭವಾದ ಈ ಸಂಸ್ಥೆ ಮುಖ್ಯವಾಗಿ ವಿದೇಶಿ ಕಂಪನಿಗಳ ಆಟಗಳಿಗೆ ಚಿತ್ರಕಲೆಯ ಕೆಲಸ ಮಾಡಿಕೊಟ್ಟು ಬೆಳೆಯಿತು. 2019ರಲ್ಲಿ ರಾಕ್‌ಸ್ಟಾರ್ ಅದನ್ನು ಕೊಂಡಿತು. ಪೀಣ್ಯದವರ ಮಾತಿನಲ್ಲಿ ಇದು ಜಾಬ್ ವರ್ಕ್: ಲಾಭ ಮಿತ, ಮಾರಾಟದ ಅಪಾಯ ಕೆಲಸ ಕೊಟ್ಟವರದು.

ಪಟ್ಟಂದೂರು ಅಗ್ರಹಾರದ ಟೆಕ್ ಪಾರ್ಕ್ ಪರಿಸರದಲ್ಲಿ ಸೇವಾ ಗುತ್ತಿಗೆ ಬಿಟ್ಟು ಸ್ವಂತ ಆಟ ತಯಾರಿಸಬಯಸುವ ಉದ್ಯಮಿಯು ಈ ಅಂತರವನ್ನು ಮೊದಲೇ ಅಳೆಯುವುದು ಅವಶ್ಯ. ಅಕೌಂಟಿಂಗ್ ಸ್ಟ್ಯಾಂಡರ್ಡ್ 26ರಂತೆ ಸಂಶೋಧನಾ ಹಂತದ ವೆಚ್ಚವನ್ನು ಆಯಾ ವರ್ಷವೇ ಲಾಭ-ನಷ್ಟ ಖಾತೆಗೆ ಹಾಕಬೇಕು. ಅಭಿವೃದ್ಧಿ ಹಂತದ್ದನ್ನು ಆಸ್ತಿಯೆಂದು ತೋರಿಸಲು ಇರುವ ಷರತ್ತುಗಳಲ್ಲಿ, ಅದರಿಂದ ಮುಂದೆ ಆದಾಯ ಹೇಗೆ ಬರುವುದೆಂದು ನಿರೂಪಿಸುವುದೂ ಒಂದು. ಇಂತಹ ಆಟಗಳಲ್ಲಿ ಕಠಿಣವಾದುದು ಆ ನಿರೂಪಣೆಯೇ. ನಗರವಿಡೀ ಕಟ್ಟುವ ಬದಲು ಒಂದೇ ಕಟ್ಟಡದೊಳಗೆ ಆಟವನ್ನು ಸೀಮಿತಗೊಳಿಸಿದರೆ ಮಾರ್ಗಗಳ ಸಂಖ್ಯೆಯೂ ಪರೀಕ್ಷೆಯ ವೆಚ್ಚವೂ ಹಿಡಿತಕ್ಕೆ ಬರುತ್ತವೆ.