ಹನ್ನೊಂದು ತಿಂಗಳಿಗೆ ಒಂದೇ ಸಾಲು

ಪ್ರಶ್ನೆ: ನಾವು ಶಾರ್ಜಾಕ್ಕೆ ಬಂದು ಹನ್ನೊಂದು ವರ್ಷವಾಯಿತು. ನಮ್ಮವರು ದುಬೈಯ ಕಂಪನಿಯೊಂದರಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಾರೆ. ನಾನು ಬಿ.ಎಸ್ಸಿ., ಬಿ.ಎಡ್. ಮಾಡಿದವಳು. ಮದುವೆಗೆ ಮುಂಚೆ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತಿದ್ದೆ, ಈಗ ಮನೆಯಲ್ಲೇ ಇದ್ದೇನೆ. ಮಗಳು ಎಂಟನೇ ಕ್ಲಾಸು, ಮಗ ಎರಡನೇ ಕ್ಲಾಸು. ಇಲ್ಲಿಯ ಬಗ್ಗೆ ಹೇಳುವಂಥದ್ದೇನಿಲ್ಲ, ದಿನ ಹೋಗುತ್ತದೆ. ತೊಂದರೆಯೆಲ್ಲ ಊರಿನ ರಜೆಯದ್ದು.

ಅವರ ಮನೆ ಕುಂದಾಪುರದ ಹತ್ತಿರ, ನನ್ನ ತವರು ತೀರ್ಥಹಳ್ಳಿ ಕಡೆ. ಪ್ರತಿವರ್ಷ ಜುಲೈ ಮೊದಲ ವಾರ ಮಕ್ಕಳನ್ನು ಕರೆದುಕೊಂಡು ನಾನು ಮುಂದಾಗಿ ಹೋಗುತ್ತೇನೆ, ತಿಂಗಳ ಕೊನೆಗೆ ಅವರು ಬರುತ್ತಾರೆ. ಅವರು ಬರುವ ತನಕ ನಾವು ಅತ್ತೆ ಮನೆಯಲ್ಲಿ. ಬಂದ ಮೇಲೆ ಎಲ್ಲರೂ ಸೇರಿ ತವರಿಗೆ ಹೋಗುವುದು ರೂಢಿ. ಈ ಸಲ ಐದು ದಿನವೆಂದು ಹೋದವರು, ಅವರ ಚಿಕ್ಕಪ್ಪನ ಮಗನ ಗೃಹಪ್ರವೇಶವೆಂದು ಮೂರನೇ ದಿನಕ್ಕೇ ಹೊರಟೆವು. ಅಪ್ಪಯ್ಯನಿಗೆ ಹೋದ ವರ್ಷ ಲಕ್ವ ಹೊಡೆದಿದೆ, ಎಡಗೈ ಸ್ವಾಧೀನದಲ್ಲಿಲ್ಲ. ಹೊರಡುವಾಗ ಅಪ್ಪಯ್ಯ ನನ್ನ ಹತ್ತಿರ ಮಾತೇ ಆಡಲಿಲ್ಲ. ಇಲ್ಲಿಗೆ ವಾಪಸು ಬಂದು ಮೂರು ವಾರವಾಯಿತು. ನಮ್ಮಿಬ್ಬರ ನಡುವೆ ಬೇಕಾದಷ್ಟೇ ಮಾತು. ಟಿಕೆಟ್ಟು, ಎಲ್ಲರಿಗೂ ಕೊಡುವ ಸಾಮಾನು ಎಂದು ಕ್ರೆಡಿಟ್ ಕಾರ್ಡಿನ ಸಾಲ ಬೇರೆ. "ಬಪ್ಪ ವರ್ಷದಿಂದ ನೀವ್ ಮೂರೇ ಜನ ಹೋಯ್ನಿ, ನಾ ಬತ್ತಿಲ್ಲೆ" ಎಂದುಬಿಟ್ಟಿದ್ದಾರೆ. ಎರಡು ಮನೆಗೆ ನ್ಯಾಯವಾಗಿ ದಿನ ಹಂಚುವುದು ಹೇಗೆ? ಅಥವಾ ನಾನು ಮಕ್ಕಳ ಜೊತೆ ಊರಿಗೇ ಬಂದು ನಿಂತುಬಿಡಲೇ?

– ಹೆಸರು ಬೇಡ, ಶಾರ್ಜಾ

ಉತ್ತರ: ನಿಮ್ಮ ಪತ್ರ ದೊಡ್ಡದಿತ್ತು, ಇಲ್ಲಿ ಮೊಟಕು ಮಾಡಿದ್ದೇನೆ. ಆದರೆ ಶಾರ್ಜಾದ ಬಗ್ಗೆ ನೀವು ಬರೆದದ್ದರಲ್ಲಿ ಏನನ್ನೂ ಬಿಟ್ಟಿಲ್ಲ. ಇದ್ದದ್ದೇ ಒಂದು ಸಾಲು. ಊರಿನ ಒಂದು ತಿಂಗಳಿಗೆ ಪುಟಗಟ್ಟಲೆ, ಅಲ್ಲಿ ಬದುಕುವ ಹನ್ನೊಂದು ತಿಂಗಳಿಗೆ "ದಿನ ಹೋಗುತ್ತದೆ". ನಾನು ಪತ್ರವನ್ನು ಎರಡನೇ ಸಲ ಓದಿದ್ದು ಈ ಸಾಲಿಗಾಗಿ. ನಿಮ್ಮ ಜಗಳ ಕುಂದಾಪುರಕ್ಕೂ ತೀರ್ಥಹಳ್ಳಿಗೂ ನಡುವೆ ಹುಟ್ಟಿದ್ದೆಂದು ನನಗನ್ನಿಸುವುದಿಲ್ಲ. ಅದು ಶಾರ್ಜಾದ ಫ್ಲ್ಯಾಟಿನಲ್ಲಿ ಹುಟ್ಟಿ, ವರ್ಷಪೂರ್ತಿ ಅಲ್ಲೇ ಬೆಳೆದು, ಜುಲೈ ಕೊನೆಗೆ ವಿಮಾನ ಹತ್ತಿ ಬಜಪೆಯಲ್ಲಿ ಇಳಿಯುತ್ತದೆ.

ಅಲ್ಲಿಯ ದಿನಚರಿ ನನಗೆ ತಿಳಿಯದ್ದಲ್ಲ. ಶಾರ್ಜಾದಲ್ಲಿ ಮನೆ, ದುಬೈಯಲ್ಲಿ ಕೆಲಸ ಎಂದರೆ ಅಲ್ ಇತ್ತಿಹಾದ್ ರಸ್ತೆಯ ಸಾಲಿನಲ್ಲಿ ಸಿಕ್ಕಿಬೀಳದಿರಲು ಬೆಳಕು ಹರಿಯುವ ಮೊದಲೇ ಹೊರಡಬೇಕು. ಸಂಜೆ ಅದೇ ರಸ್ತೆಯಲ್ಲಿ ವಾಪಸು. ಮನೆಗೆ ಬಂದವರಿಗೆ ಊಟ ಮಾಡುವಷ್ಟು ತ್ರಾಣ ಇರುತ್ತದೆ, ಮಾತಿಗೆ ಇರುವುದಿಲ್ಲ. ಬಾಡಿಗೆಗೆ ಮುಂಗಡ ದಿನಾಂಕದ ಚೆಕ್ಕುಗಳನ್ನು ಕೊಟ್ಟಿರುತ್ತೀರಿ, ಒಂದು ಚೆಕ್ ದಾಟಿದರೆ ಇನ್ನೊಂದರ ಚಿಂತೆ. ಅಪ್ಪಯ್ಯನ ಕಾಯಿಲೆ, ಅವರ ಮನೆಯ ಜಾಗದ ಪಾಲು, ನಿಮ್ಮ ನಿಂತುಹೋದ ಕೆಲಸ, ಯಾವುದೇ ಮಾತು ಬಂದರೂ "ಊರಿಗೆ ಹೋದಾಗ ನೋಡುವ" ಎಂದು ಮುಂದಕ್ಕೆ ಹಾಕುತ್ತೀರಿ. ಹನ್ನೊಂದು ತಿಂಗಳು ಕಟ್ಟಿ ನಿಲ್ಲಿಸಿದ ನೀರನ್ನು ಒಂದು ತಿಂಗಳ ತೂಬಿನಲ್ಲಿ ಬಿಟ್ಟರೆ ಏರಿ ತಡೆಯುವುದಿಲ್ಲ.

ಆ ಒಂದು ತಿಂಗಳು ಎಷ್ಟು ಸಣ್ಣದು ಎಂಬುದನ್ನೂ ನೋಡಿ. 2022ರ ಫೆಬ್ರುವರಿಯಿಂದ ಜಾರಿಯಲ್ಲಿರುವ ಯುಎಇ ಕಾರ್ಮಿಕ ಕಾನೂನಿನ ಪ್ರಕಾರ ವರ್ಷ ತುಂಬಿದ ನೌಕರನಿಗೆ 30 ದಿನ ರಜೆ. ಈ ಮೂವತ್ತರೊಳಗೆ ಶನಿವಾರ, ಭಾನುವಾರಗಳೂ ಸೇರಿವೆ. ಹೋಗಿಬರುವ ದಿನ, ಬ್ಯಾಂಕು, ತಾಲ್ಲೂಕು ಕಚೇರಿ, ಹಲ್ಲಿನ ಡಾಕ್ಟರು, ಹೋಗಲೇಬೇಕಾದ ನೆಂಟರ ಮನೆ ಎಂದು ಕಳೆಯುತ್ತ ಬಂದರೆ ಕೈಯಲ್ಲಿ ಉಳಿಯುವುದೇನು? ಕುಂದಾಪುರದ ಪೇಟೆಯಲ್ಲಿ ಸಿಕ್ಕವರೆಲ್ಲ "ಯಾವತ್ ಬಂದ್ರಿ? ಇನ್ ಯಾವತ್ ಹೋಪ್ದ್?" ಎಂದು ಕೇಳುವಾಗ ನಿಮ್ಮವರಿಗೆ ಹೇಗಾಗುತ್ತದೋ ನೀವು ಕೇಳಿದ್ದೀರಾ? ವರ್ಷವಿಡೀ ಮ್ಯಾನೇಜರಿಗೆ ಉತ್ತರ ಕೊಟ್ಟವರು ರಜೆಯಲ್ಲಿ ನೆಂಟರಿಗೆಲ್ಲ ಉತ್ತರ ಕೊಡುತ್ತಾರೆ. ನೀವು ಊರಿಗೆ ಹೋದ ಮೇಲೆ ಜುಲೈಯ ಮೂರು ವಾರ ಅವರು ಆ ಸೆಕೆಯಲ್ಲಿ ಒಬ್ಬರೇ ಬೇಯಿಸಿಕೊಂಡು ಇರುತ್ತಾರೆ ಎಂಬುದೂ ನಿಮ್ಮ ಪತ್ರದಲ್ಲಿಲ್ಲ. "ನಾ ಬತ್ತಿಲ್ಲೆ" ಎಂಬುದನ್ನು ನೀವು ಸಿಟ್ಟೆಂದು ಓದಿದ್ದೀರಿ. ನನಗೆ ಅದು ದಣಿದವನ ಮಾತಿನಂತೆ ಕೇಳಿಸಿತು. ಇದು ನನ್ನ ಊಹೆ, ತಪ್ಪಿರಬಹುದು. ಕೇಳಿದರೆ ಗೊತ್ತಾಗುತ್ತದೆ.

ಹಾಗೆಂದು ನಿಮ್ಮ ನೋವು ಸಣ್ಣದಲ್ಲ. ಅಪ್ಪಯ್ಯನ ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಕಡೆ. ಲಕ್ವ ಹೊಡೆದ ತಂದೆಯ ಮನೆಯಿಂದ ಗೃಹಪ್ರವೇಶಕ್ಕೆಂದು ಎರಡು ದಿನ ಮುಂಚೆ ಹೊರಟದ್ದು ಸರಿಯಲ್ಲ. ಅದನ್ನು ತಡೆಯಬೇಕಾದವರು ನಿಮ್ಮ ಯಜಮಾನರು. ಚಿಕ್ಕಪ್ಪನ ಮನೆಗೆ ಅವರೊಬ್ಬರೇ ಹೋಗಿ ಊಟ ಮಾಡಿ ಬಂದಿದ್ದರೆ ಆಗುತ್ತಿತ್ತು.

ಆದರೆ ನಿಮ್ಮನ್ನೂ ಒಂದು ಮಾತು ಕೇಳಬೇಕು. ಅವರು ಬರುವ ಮೊದಲು ಮೂರು ವಾರ ನಿಮ್ಮ ಕೈಯಲ್ಲೇ ಇತ್ತಲ್ಲ? ಗಂಡ ಬಂದ ಮೇಲೆಯೇ ತವರಿಗೆ ಹೋಗಬೇಕೆಂಬ ರೂಢಿಯನ್ನು ಯಾರು ಮಾಡಿದರು? ಅತ್ತೆ ಹೇಳಿದರೋ, ಅವರು ಒಪ್ಪಲಿಕ್ಕಿಲ್ಲವೆಂದು ನೀವೇ ಊಹಿಸಿಕೊಂಡಿರೋ? ಗಂಡ ಜೊತೆಯಲ್ಲಿ ಬಂದರೆ ತವರಿನಲ್ಲಿ ಗೌರವ ಎಂಬ ಆಸೆ ನಮ್ಮಲ್ಲಿ ಅನೇಕರಿಗಿದೆ, ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಆ ಗೌರವಕ್ಕಾಗಿ ಇಪ್ಪತ್ತು ದಿನ ಬಿಟ್ಟುಕೊಡುವುದು ಮಾತ್ರ ದುಬಾರಿಯಾಯಿತು. ಮುಂದಿನ ಸಲ ಬಜಪೆಯಲ್ಲಿ ಇಳಿದವರು ಕಾರ್ಕಳ, ಸೋಮೇಶ್ವರದ ಮೇಲೆ ಆಗುಂಬೆ ಹತ್ತಿ ನೇರ ತೀರ್ಥಹಳ್ಳಿಗೆ ಹೋಗಿ. ಮಳೆಗಾಲದಲ್ಲಿ ಘಾಟಿಯನ್ನು ನಂಬುವಂತಿಲ್ಲ, ಗುಡ್ಡ ಜರಿದರೆ ದಾರಿ ಬಂದ್. ಹಾಗಾಗಿ ರಜೆಯ ಕೊನೆಯಲ್ಲಿ, ವಿಮಾನದ ದಿನ ಹತ್ತಿರವಿಟ್ಟುಕೊಂಡು ಮಲೆನಾಡಿಗೆ ಹೋಗುವುದಕ್ಕಿಂತ ಮೊದಲೇ ಹೋಗುವುದು ಬುದ್ಧಿವಂತಿಕೆ. ಅಲ್ಲಿ ಎರಡು ವಾರ ಇದ್ದು ಘಟ್ಟ ಇಳಿದರೆ, ನಿಮ್ಮವರು ಬರುವಾಗ ನೀವು ಕುಂದಾಪುರದಲ್ಲಿರುತ್ತೀರಿ. ಅವರ ಮೂವತ್ತು ದಿನದ ಮೇಲೆ ನಿಮ್ಮ ತವರಿನ ಭಾರ ಬೀಳುವುದಿಲ್ಲ. ಅವರು ಎರಡು ದಿನಕ್ಕೆಂದು ಬಂದು ಹೋದರೂ ನೀವು ದಿನ ಎಣಿಸುತ್ತ ಕೂರಬೇಕಾಗಿಲ್ಲ.

ಇದನ್ನು ಅತ್ತೆಗೆ ನೀವು ಹೇಳಬೇಡಿ. ಅವರ ಮಗ ಹೇಳಲಿ. ಸೊಸೆ ಹೇಳಿದರೆ ದೂರಾಗುವ ಮಾತು, ಮಗ ಹೇಳಿದರೆ ಬರೀ ಸುದ್ದಿ. ಹಾಗೆಯೇ ನಿಮ್ಮ ಅಪ್ಪ ಅಮ್ಮನಿಗೆ ಹೇಳಬೇಕಾದದ್ದನ್ನು ನೀವೇ ಹೇಳಿ, ಗಂಡನ ಬಾಯಿಂದ ಹೇಳಿಸಬೇಡಿ. ಮೊದಲ ವರ್ಷ ಅತ್ತೆ ಮುಖ ಊದಿಸಿಕೊಳ್ಳಬಹುದು. ಊದಿಸಿಕೊಳ್ಳಲಿ, ಮೊಮ್ಮಕ್ಕಳನ್ನು ಬಿಟ್ಟಿರಬೇಕಾದ ಅಜ್ಜಿಗೆ ಅಷ್ಟು ಹಕ್ಕಿದೆ. ಮಾತು ಮುಟ್ಟಿಸುವುದು ಮಾತ್ರ ಈಗಲೇ ಆಗಲಿ, ಟಿಕೆಟ್ ಮಾಡಿಸಿದ ಮೇಲೆ ಬೇಡ. ವಾಟ್ಸ್‌ಆ್ಯಪ್ ಕರೆ ಅಲ್ಲಿ ನಡೆಯುವುದಿಲ್ಲ, ನೀವೆಲ್ಲ ಬೋಟಿಮ್‌ನಲ್ಲಿ ಮಾತಾಡುವವರು. ಅದರಲ್ಲಿ ಇಡೀ ಮನೆ ಒಂದೇ ಪರದೆಗೆ ಮುಖ ತೂರಿಸಿದಾಗ ಇಂಥ ಮಾತು ಹೊರಡುವುದಿಲ್ಲ. ತಾಯಿ ಮಗ ಇಬ್ಬರೇ ಇರುವ ಹೊತ್ತು ನೋಡಿ ಅವರು ಕರೆ ಮಾಡಲಿ.

ಅಪ್ಪಯ್ಯನ ವಿಷಯ ಅಷ್ಟಕ್ಕೇ ಮುಗಿಯುವುದಿಲ್ಲ. ನವೆಂಬರಿನಿಂದ ಮಾರ್ಚ್ ತನಕ ನಿಮ್ಮಲ್ಲಿ ಹವೆ ಹಿತವಾಗಿರುತ್ತದೆ, ತೀರ್ಥಹಳ್ಳಿಯ ಚಳಿಯೂ ತಪ್ಪುತ್ತದೆ. ಡಾಕ್ಟರು ಪ್ರಯಾಣ ಮಾಡಬಹುದೆಂದರೆ 30 ಅಥವಾ 60 ದಿನದ ವಿಸಿಟ್ ವೀಸಾದಲ್ಲಿ ಅಪ್ಪ ಅಮ್ಮನನ್ನು ಕರೆಸಿಕೊಳ್ಳಿ. ಆರೋಗ್ಯ ವಿಮೆ ಸರಿಯಾಗಿ ಮಾಡಿಸಿ, ಇದ್ದ ಕಾಯಿಲೆಗೆ ಅದು ಅನ್ವಯಿಸುತ್ತದೆಯೇ ಎಂದು ಬರಹದಲ್ಲಿ ಕೇಳಿ. ಮಗಳು ಎಲ್ಲಿ ಅಡುಗೆ ಮಾಡುತ್ತಾಳೆ, ಮೊಮ್ಮಗಳು ಎಲ್ಲಿ ಕುಳಿತು ಓದುತ್ತಾಳೆ ಎಂದು ಒಮ್ಮೆ ಕಣ್ಣಾರೆ ಕಂಡ ಹಿರಿಯರಿಗೆ ದೂರದ ಹೆದರಿಕೆ ಸ್ವಲ್ಪ ಇಳಿಯುತ್ತದೆ. ಅದು ಆಗದಿದ್ದರೆ ವರ್ಷದ ನಡುವೆ ನೀವೊಬ್ಬರೇ ಒಂದು ವಾರ ಹೋಗಿಬನ್ನಿ. ಮಕ್ಕಳ ಊಟ, ಸ್ಕೂಲ್ ಬಸ್ಸು ಅಪ್ಪನೇ ನೋಡಿಕೊಳ್ಳಲಿ. ಏನೂ ಆಗುವುದಿಲ್ಲ.

ಸಾಮಾನಿನ ವಿಷಯಕ್ಕೆ ಹೆಚ್ಚು ಮಾತು ಬೇಡ. ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿದು, ಮೇಲೆ ಮಾರ್ಕರ್‌ನಲ್ಲಿ ಹೆಸರು ಬರೆದು ತರುತ್ತಿದ್ದ ಕಾಲದಲ್ಲಿ ಟ್ಯಾಂಗು, ನಿಡೋ, ಟೈಗರ್ ಬಾಮಿಗೆ ಒಂದು ಬೆಲೆ ಇತ್ತು. ಈಗ ಅವೆಲ್ಲ ಕುಂದಾಪುರದ ಅಂಗಡಿಯಲ್ಲೇ ಸಿಗುತ್ತವೆ, ಕೆಲವು ಅಲ್ಲಿಗಿಂತ ಅಗ್ಗಕ್ಕೆ. ಮನೆಗೊಂದು ಪೊಟ್ಟಣ ಒಳ್ಳೆಯ ಖರ್ಜೂರ ಸಾಕು. ಕಾರ್ಡಿನ ಸಾಲ ತೀರುವ ತನಕ ಅದಕ್ಕಿಂತ ಹೆಚ್ಚು ಕೇಳುವವರಿಗೆ ನಗುತ್ತ "ಈ ಸಲ ಇಲ್ಲ" ಎನ್ನಿ. ಹಾಗೆಂದು ಯಾರೂ ನಿಮ್ಮ ಮನೆಗೆ ಬರುವುದು ಬಿಡುವುದಿಲ್ಲ.

ಎರಡನೆಯ ಪ್ರಶ್ನೆ, ಮಕ್ಕಳೊಂದಿಗೆ ಊರಿಗೇ ಬಂದು ನಿಲ್ಲುವುದು. ರಜೆ ಮುಗಿಸಿ ಬಂದ ಬೇಸರದಲ್ಲಿ ಇಂಥ ತೀರ್ಮಾನ ಬೇಡ. ಸಾಮಾನ್ಯವಾಗಿ ಆರು ತಿಂಗಳಿಗಿಂತ ಹೆಚ್ಚು ಕಾಲ ದೇಶದ ಹೊರಗಿದ್ದರೆ ಅಲ್ಲಿಯ ರೆಸಿಡೆನ್ಸಿ ವೀಸಾ ಊರ್ಜಿತದಲ್ಲಿರುವುದಿಲ್ಲ. "ಸ್ವಲ್ಪ ದಿನ ನೋಡುವ" ಎಂದು ಹೊರಟದ್ದು ಬಾಗಿಲು ಮುಚ್ಚಿದಂತಾಗಬಹುದು. ಒಂದು ಪೂರ್ತಿ ವರ್ಷ ಬೇರೆ ರೀತಿ ಬದುಕಿ ನೋಡಿ, ಆಮೇಲೂ ಬೇಕೆನ್ನಿಸಿದರೆ ಇಬ್ಬರೂ ಕೂತು ಲೆಕ್ಕ ಹಾಕಿ.

ಬೇರೆ ರೀತಿ ಎಂದರೆ ಏನು? ಮೊದಲು ನಿಮ್ಮ ಗಣಿತ. ಗಂಡನ ವೀಸಾದಲ್ಲಿದ್ದವರು ವರ್ಕ್ ಪರ್ಮಿಟ್ ಮಾಡಿಸಿಕೊಂಡು ಕೆಲಸ ಮಾಡಬಹುದು ಎಂಬುದು ನಿಮಗೆ ಗೊತ್ತಿರುತ್ತದೆ. 2023ರ ಡಿಸೆಂಬರಿನಲ್ಲಿ ಯುಎಇ ಸರ್ಕಾರ ಮನೆಪಾಠ ಹೇಳುವವರಿಗೂ ಪರವಾನಗಿ ಕೊಡಲು ಶುರು ಮಾಡಿತು. ಶುಲ್ಕವಿಲ್ಲ, ಎರಡು ವರ್ಷದ ಅವಧಿ, ಕೆಲಸದಲ್ಲಿ ಇಲ್ಲದವರೂ ಅರ್ಜಿ ಹಾಕಬಹುದು. ಪರವಾನಗಿ ಇಲ್ಲದೆ ಟ್ಯೂಷನ್ ಹೇಳಿದರೆ ದಂಡ, ಹಾಗಾಗಿ ಪಕ್ಕದ ಫ್ಲ್ಯಾಟಿನವರು ಕರೆದರೆಂದು ಸುಮ್ಮನೆ ಶುರು ಮಾಡಬೇಡಿ. ದಿನಕ್ಕೆ ಎರಡು ಗಂಟೆ ನಾಲ್ಕು ಮಕ್ಕಳಿಗೆ ಬೀಜಗಣಿತ ಹೇಳಿಕೊಟ್ಟರೆ ಬರುವ ದುಡ್ಡು ಒಂದು ಮಾತು. ಸಂಜೆ ಗಂಡ ಬಂದಾಗ ನಿಮಗೂ ಹೇಳಲು ಏನಾದರೂ ಇರುತ್ತದೆ ಎಂಬುದು ಇನ್ನೊಂದು. ಎರಡನೆಯದೇ ದೊಡ್ಡದು ಎಂದು ನನ್ನ ಲೆಕ್ಕ.

ಆಮೇಲೆ ಮನೆಯ ಹೊರಗಿನ ಶಾರ್ಜಾ. ನವೆಂಬರಿನಲ್ಲಿ ಅಲ್ಲಿ ನಡೆಯುವ ಪುಸ್ತಕ ಮೇಳ 1982ರಿಂದ ಬಂದದ್ದು, ಮಗಳನ್ನು ಕರೆದುಕೊಂಡು ಇಡೀ ದಿನ ಕಳೆಯಬಹುದು. ಬೆಟ್ಟ ದಾಟಿ ಖೋರ್‌ಫಕ್ಕಾನ್ ಕಡಲಿಗೆ ಹೋಗಲು 2019ರಿಂದ ಹೊಸ ಹೆದ್ದಾರಿಯಿದೆ. ದುಬೈಯಲ್ಲಿ ವಾರಾಂತ್ಯಕ್ಕೆ ಕನ್ನಡ ಪಾಠಶಾಲೆ ನಡೆಯುತ್ತದೆ, ಯಕ್ಷಗಾನ ಕಲಿಸುವವರೂ ಇದ್ದಾರೆ. ಇವಕ್ಕೆ ಹೋಗಿ ಎಂದರೆ "ಇವರಿಗೆ ಆಗುವ ಒಂದೇ ರಜೆ ಭಾನುವಾರ" ಎನ್ನುತ್ತೀರಿ. ತಿಂಗಳಿಗೆ ಒಂದು ಭಾನುವಾರ ಸಾಕು. ಇನ್ನೊಂದು ಭಾನುವಾರ ಮಕ್ಕಳನ್ನು ಗೆಳೆಯರ ಮನೆಯಲ್ಲಿ ಬಿಟ್ಟು ನೀವಿಬ್ಬರೇ ಎರಡು ಗಂಟೆ ಹೊರಗೆ ಹೋಗಿ, ಮುಂದಕ್ಕೆ ಹಾಕಿದ ಮಾತುಗಳಲ್ಲಿ ಒಂದನ್ನು, ಒಂದನ್ನೇ, ತೆಗೆಯಿರಿ. ಮೊದಲ ಸಲ ಅಪ್ಪಯ್ಯನ ಮಾತು ಬೇಡ, ಅದು ಹಸಿಯಾಗಿದೆ. "ಆ ಮೂವತ್ತು ದಿನದಲ್ಲಿ ನಿಮಗೆ ಬೇಕಾದದ್ದು ಏನು?" ಎಂದು ಅವರನ್ನು ಕೇಳಿ ಸುಮ್ಮನಿರಿ. ಹನ್ನೊಂದು ವರ್ಷದಲ್ಲಿ ಯಾರಾದರೂ ಇದನ್ನು ಅವರಿಗೆ ಕೇಳಿದ್ದಾರೆಯೇ ಎಂದು ನನಗೆ ಅನುಮಾನ. ಮೂರು ದಿನ ಏನೂ ಮಾಡದೆ ಮಲಗಬೇಕು ಎಂದರೆ ನಗಬೇಡಿ. ರಜೆಯ ಕೊನೆಯ ಮೂರು ದಿನವನ್ನು ಶಾರ್ಜಾದ ಮನೆಗೇ ಉಳಿಸಿಕೊಂಡು ಬನ್ನಿ. ಈಗಿನಂತೆ ರಾತ್ರಿ ಇಳಿದು ಬೆಳಿಗ್ಗೆ ಆಫೀಸಿಗೆ ಓಡುವುದು ನಿಲ್ಲಲಿ.

ಇನ್ನು ಮಕ್ಕಳು. ಜುಲೈ, ಆಗಸ್ಟಿನಲ್ಲೇ ಬರುವುದರಿಂದ ನಿಮ್ಮ ಮಕ್ಕಳಿಗೆ ಊರೆಂದರೆ ಮಳೆ, ಒಣಗದ ಬಟ್ಟೆ, ಕರೆಂಟಿಲ್ಲದ ಸಂಜೆ. ಜುಲೈ ಮುಗಿಯುವ ತನಕ ಯಾಂತ್ರಿಕ ದೋಣಿಗಳಿಗೆ ನಿಷೇಧ, ಕರಾವಳಿಗೆ ಬಂದೂ ಅವಕ್ಕೆ ಒಳ್ಳೆಯ ಮೀನಿಲ್ಲ. ಪತ್ರೊಡೆ, ಕಳಲೆ ಸಿಗುತ್ತವೆ ನಿಜ, ಆದರೆ ಎಂಟನೇ ಕ್ಲಾಸಿನ ಹುಡುಗಿಗೆ ಕಳಲೆ ಆಸೆ ಹುಟ್ಟಿಸುವುದು ಕಷ್ಟ. ಮೇಳಗಳ ತಿರುಗಾಟ, ಕಂಬಳ, ಗದ್ದೆಯ ಬಯಲಿನಲ್ಲಿ ರಾತ್ರಿ ಆಟ, ಇವೆಲ್ಲ ಮಳೆ ಕಳೆದ ಮೇಲೆ. ಅಲ್ಲಿಯ ಶಾಲೆಗಳಿಗೆ ಡಿಸೆಂಬರಿನಲ್ಲಿ ಕೆಲವು ವಾರ ರಜೆ ಇರುತ್ತದಲ್ಲ. ಒಂದು ವರ್ಷವಾದರೂ ಬೇಸಿಗೆ ರಜೆಯ ಬದಲು ಆಗ ಬನ್ನಿ. ಟಿಕೆಟ್ ಆಗಲೂ ಅಗ್ಗವಲ್ಲ. ಆದರೆ ನಾಲ್ವರೂ ಒಟ್ಟಿಗೆ ಬಂದು ಒಟ್ಟಿಗೆ ಹೋಗುತ್ತೀರಿ, ಘಾಟಿಯಲ್ಲಿ ಗುಡ್ಡ ಜರಿಯುವ ಹೆದರಿಕೆಯಿಲ್ಲ, ಅಪ್ಪಯ್ಯನನ್ನು ಅಂಗಳಕ್ಕೆ ಕರೆದು ಬಿಸಿಲಿಗೆ ಕೂರಿಸಬಹುದು. ಟಿಕೆಟ್ ಮಾಡಿಸುವ ಮೊದಲು ಶಾಲೆಯಲ್ಲಿ ಪರೀಕ್ಷೆಯ ಪಟ್ಟಿ ಕೇಳಿಕೊಳ್ಳಿ. ಮಗಳು ಹತ್ತನೆಯ ಕ್ಲಾಸಿಗೆ ಬಂದ ವರ್ಷ ಫೆಬ್ರುವರಿಯಲ್ಲೇ ಬೋರ್ಡ್ ಪರೀಕ್ಷೆ ಶುರುವಾಗುತ್ತದೆ, ಆ ಡಿಸೆಂಬರಿನಲ್ಲಿ ಅವಳು ಎಲ್ಲಿಗೂ ಬರುವುದಿಲ್ಲ. ಅಂದರೆ ನಿಮಗಿರುವುದು ಈ ವರ್ಷದ್ದು, ಮುಂದಿನ ವರ್ಷದ್ದು, ಎರಡೇ.