ಲೆನ್ಸು ಹಳೇದು, ಸೆನ್ಸರ್ ಹೊಸದು

ಲೆನ್ಸ್ ಕೈಗೆ ಬಂದ ಗಳಿಗೆಗೇ ಕ್ಯಾಮೆರಾಗೆ ಸಿಕ್ಕಿಸಬೇಡ ಕಣಪ್ಪ. ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡು. ನಾಲ್ಕು ಧೂಳಿನ ಚುಕ್ಕೆ ಕಂಡರೆ ಚಿಂತೆಯಿಲ್ಲ. ಕವಲೊಡೆದ ಬಿಳಿ ಎಳೆ ಕಂಡರೆ ಅದು ಫಂಗಸ್. ಬಲ್ಲವರ ಕೈಯಲ್ಲಿ ಬೇಗ ಕ್ಲೀನ್ ಮಾಡಿಸಿದರೆ ಹೋಗುತ್ತೆ, ಬಿಟ್ಟರೆ ಗಾಜನ್ನೇ ತಿನ್ನುತ್ತೆ. ಚರ್ಮದ ಕೇಸ್ ನೋಡೋಕೆ ಚೆಂದ, ಆದರೆ ಮಳೆಗಾಲದಲ್ಲಿ ತೇವ ಹಿಡಿದಿಟ್ಟುಕೊಳ್ಳೋದು ಅದೇ. ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. 1954ರಲ್ಲಿ ಲೈಕಾ ಎಂ3 ಬಂದಾಗ ಲೆನ್ಸಿನ ತಿರುಪು ಹೋಗಿ ಬಯೋನೆಟ್ ಬಂತು. ಇವತ್ತಿನ ಡಿಜಿಟಲ್ ಎಂ ಕ್ಯಾಮೆರಾದ್ದೂ ಅದೇ ಬಯೋನೆಟ್. ಅದಕ್ಕೂ ಹಿಂದಿನ 39 ಮಿ.ಮೀ. ತಿರುಪಿನ ಲೆನ್ಸ್ ಕೂಡ ಒಂದು ಅಡಾಪ್ಟರ್ ಇದ್ದರೆ ಕೂರುತ್ತೆ. ಅದರ ದಪ್ಪ ಸರಿಯಾಗಿ 1 ಮಿ.ಮೀ. ಇರಬೇಕು, ಅಗ್ಗದ್ದು ತಂದರೆ ಅಲ್ಲೇ ಕೆಡುತ್ತೆ. 50ರ ಲೆನ್ಸಿಗೆ 50ರ ಚೌಕಟ್ಟು ತೋರಿಸೋ ಅಡಾಪ್ಟರನ್ನೇ ಕೇಳಿ ತಗೋ. ಇಲ್ಲದಿದ್ದರೆ ವ್ಯೂಫೈಂಡರ್‌ನಲ್ಲಿ ಬೇರೆ ಗೆರೆ ಎದ್ದು, ನೀನು ನೋಡಿದ್ದೊಂದು, ತೆಗೆದಿದ್ದೊಂದು ಆಗುತ್ತೆ.

ಲೆನ್ಸ್ ಕೂತುಬಿಟ್ಟರೆ ಫೋಕಸ್ ಸರಿಯಿದೆ ಅಂದುಕೊಳ್ಳಬೇಡ. ರೇಂಜ್‌ಫೈಂಡರ್ ಲೆನ್ಸಿನ ಮೂಲಕ ನೋಡೋದಿಲ್ಲ, ಲೆನ್ಸಿನ ಹಿಂಭಾಗ ಒಂದು ಪುಟ್ಟ ಸನ್ನೆಯನ್ನು ಎಷ್ಟು ತಳ್ಳಿತು ಅನ್ನೋದರ ಮೇಲೆ ದೂರ ಹೇಳುತ್ತೆ. ಆ ತಳ್ಳಾಟದಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಕಣ್ಣಿನ ಬದಲು ಕಿವಿ ಶಾರ್ಪ್ ಆಗುತ್ತೆ. ಫಿಲ್ಮ್ ಕಾಲದಲ್ಲಿ ಪೋಸ್ಟ್‌ಕಾರ್ಡ್ ಗಾತ್ರದ ಪ್ರಿಂಟಿನಲ್ಲಿ ಯಾರಿಗೂ ಕಾಣದೇ ಇದ್ದದ್ದು, ನೀವು ಪರದೆಯಲ್ಲಿ ನೂರಕ್ಕೆ ನೂರು ಹಿಗ್ಗಿಸಿ ನೋಡೋದರಿಂದ ಈಗ ಕಾಣುತ್ತೆ. ಬೈಯೋ ಮುಂಚೆ, ಕೊಂಡಾಡೋ ಮುಂಚೆ, ಈ ಲೆನ್ಸು ಈ ಕ್ಯಾಮೆರಾ ಮೇಲೆ ಎಲ್ಲಿ ಎಷ್ಟು ತಪ್ಪುತ್ತೆ ಅಂತ ತಿಳ್ಕೊ.

ಅದನ್ನು ತಿಳಿಯೋಕೆ ಸೋಂಪುರದಲ್ಲಿರೋರಿಗೆ ಒಂದು ಅನುಕೂಲ ಇದೆ. ಶಿವಗಂಗೆ ಬೆಟ್ಟ ನಮ್ಮ ಹೋಬಳಿಯಲ್ಲೇ ಇದೆ. ಬೆಟ್ಟ ಚೆನ್ನಾಗಿ ಕಾಣೋ ದೂರದ ಬಯಲಿನಲ್ಲಿ ನಿಂತು, ಲೆನ್ಸನ್ನು ಅನಂತದ ಗುರುತಿಗೆ ತಿರುಗಿಸಿ, ತುದಿಯ ಬಂಡೆ ನೋಡು. ವ್ಯೂಫೈಂಡರ್‌ನಲ್ಲಿ ಕಾಣೋ ಎರಡು ಬಿಂಬ ಒಂದಾಗಬೇಕು. ಆಗಲಿಲ್ಲವಾ, ಇನ್ನೊಂದು ಲೆನ್ಸ್ ಹಾಕಿ ನೋಡು. ಎರಡರಲ್ಲೂ ತಪ್ಪಿದರೆ ಬಹುಪಾಲು ಕ್ಯಾಮೆರಾದ್ದೇ ದೋಷ, ಒಂದರಲ್ಲಿ ಮಾತ್ರ ಆದರೆ ಆ ಲೆನ್ಸಿಂದೋ ಅಡಾಪ್ಟರಿಂದೋ. ಸ್ಕ್ರೂಡ್ರೈವರ್ ಹಿಡಿದು ನೀನೇ ಕೈ ಹಾಕಬೇಡ.

ಆಮೇಲೆ ಹತ್ತಿರದ ಪರೀಕ್ಷೆ. ಟ್ರೈಪಾಡ್ ಮೇಲೆ ಕ್ಯಾಮೆರಾ, ಒಂದು ಮೀಟರ್ ದೂರದಲ್ಲಿ ಮೇಜು, ಮೇಜಿನ ಮೇಲೆ ಉದ್ದಕ್ಕೆ ಟೇಲರ್ ಟೇಪ್. 50ರ ಗೆರೆಗೆ ಫೋಕಸ್ ಮಾಡಿ, ಅಪರ್ಚರ್ ಪೂರ್ತಿ ತೆರೆದು ತೆಗಿ. ಚಿತ್ರದಲ್ಲಿ 48 ಶಾರ್ಪ್ ಇದೆಯೋ 52 ಇದೆಯೋ ಬರೆದಿಟ್ಟುಕೋ. ಆಮೇಲೆ 2.8, 4, 5.6 ಹೀಗೆ ಮುಂದುವರಿ. ರಷ್ಯಾದ ಜುಪಿಟರ್-8 ಆದರೆ ಇದನ್ನು ಬಿಡಲೇಬೇಡ. ಅದು ಜರ್ಮನಿಯ ಝೈಸ್ ಸೊನ್ನಾರ್ ವಂಶದ್ದು. ಅಪರ್ಚರ್ ಸಣ್ಣದಾದಂತೆ ಫೋಕಸ್ ಹಿಂದಕ್ಕೆ ಸರಿಯುತ್ತೆ. ಮೇಲಾಗಿ ಅದರ ಅಳತೆ ಕಾಂಟ್ಯಾಕ್ಸ್ ಕ್ಯಾಮೆರಾದ್ದು, ಲೈಕಾದ್ದಲ್ಲ, ಹಾಗಾಗಿ ದೂರಕ್ಕೆ ಸರಿಯಿದ್ದರೂ ಹತ್ತಿರಕ್ಕೆ ತಪ್ಪಬಹುದು. ತಪ್ಪು ಎಷ್ಟು ಅಂತ ಗೊತ್ತಾದ ಮೇಲೆ ಮದ್ದು ಸುಲಭ: ಬಿಂಬ ಕೂಡಿಸಿ, ಆಮೇಲೆ ಮೈಯನ್ನೇ ಬೆರಳಷ್ಟು ಮುಂದಕ್ಕೋ ಹಿಂದಕ್ಕೋ ಬಾಗಿಸಿ ಒತ್ತು.

ಮಡಚೋ ಎಲ್ಮಾರ್ ಲೆನ್ಸ್ ಸಿಕ್ಕಿದರೆ ಡಿಜಿಟಲ್ ಬಾಡಿಯ ಮೇಲೆ ಒಳಕ್ಕೆ ತಳ್ಳಬೇಡ. ಜುಪಿಟರ್-12ರ ಹಿಂಗಾಜು ಶಟರ್ ಹತ್ತಿರ ಹೋಗುತ್ತೆ, ನಿನ್ನ ಮಾಡೆಲ್‌ಗೆ ಆಗುತ್ತೋ ಇಲ್ಲವೋ ವಿಚಾರಿಸದೆ ಸಿಕ್ಕಿಸಬೇಡ. ಹಳೇ ವೈಡ್ ಲೆನ್ಸುಗಳಲ್ಲಿ ಅಂಚಿಗೆ ಕೆಂಪು-ನೇರಳೆ ಬಣ್ಣ ಬಂದರೆ ಲೆನ್ಸ್ ಕೆಟ್ಟಿದೆ ಅಂತಲ್ಲ. ಬೆಳಕು ತೀರಾ ಓರೆಯಾಗಿ ಬಿದ್ದರೆ ಫಿಲ್ಮ್ ಸಹಿಸುತ್ತಿತ್ತು, ಸೆನ್ಸರ್ ಸಹಿಸಲ್ಲ. 2009ರ ಎಂ9ರಲ್ಲಿ ಇದು ಎದ್ದು ಕಾಣುತ್ತೆ. ಕಪ್ಪು-ಬಿಳುಪಿಗೆ ತಿರುಗಿಸು, ತಾಪತ್ರಯ ಮುಗೀತು.

ಎರಡನೇ ಮಹಾಯುದ್ಧಕ್ಕೆ ಮುಂಚಿನ, ಕೋಟಿಂಗ್ ಇಲ್ಲದ ಲೆನ್ಸಿನಲ್ಲಿ ಕಾಂಟ್ರಾಸ್ಟ್ ಕಡಿಮೆ. ಸಪ್ಪೆ ಅಂತ ಎಸೆಯೋರಿದ್ದಾರೆ. ನಾನು ಒಪ್ಪಲ್ಲ. ಸಂಕ್ರಾಂತಿಗೆ ಶಿವಗಂಗೆಯಲ್ಲಿ ಗಂಗಾಧರೇಶ್ವರನ ಕಲ್ಯಾಣಕ್ಕೆ ಜನ ಸೇರಿದಾಗ ನೋಡು, ನೆತ್ತಿ ಮೇಲೆ ಬಿಸಿಲು, ಮೈಮೇಲೆ ಬಿಳೀ ಪಂಚೆ, ಹಿಂದೆ ಕರೀ ಬಂಡೆ. ಹೊಸ ಲೆನ್ಸು ನೆರಳನ್ನೆಲ್ಲ ಮಸಿ ಮಾಡುತ್ತೆ, ಹಳೇದು ಅದರಲ್ಲಿ ಒಂದಿಷ್ಟು ಬೆಳಕು ಉಳಿಸುತ್ತೆ. ಬೆಳಕಿನ ಲೆಕ್ಕ ಮಾತ್ರ ಪಂಚೆಗೆ ಇಡು, ಸೆನ್ಸರಿನಲ್ಲಿ ಬಿಳುಪು ಒಮ್ಮೆ ಹೋದರೆ ವಾಪಸ್ ಬರಲ್ಲ. ಹುಡ್ ಹಾಕೋದು ಮರೀಬೇಡ.

ಅಂಥ ಗುಂಪಿನಲ್ಲಿ ಬಿಂಬ ಕೂಡಿಸುತ್ತಾ ನಿಂತರೆ ಗಳಿಗೆ ದಾಟಿಹೋಗುತ್ತೆ. 35ರ ಲೆನ್ಸನ್ನು ಎಫ್8ಕ್ಕಿಟ್ಟು, ದೂರ 3 ಮೀಟರ್‌ಗೆ ಹಾಕಿ ಬಿಟ್ಟುಬಿಡು. ಲೆನ್ಸ್ ಮೇಲಿನ ಗುರುತು ಎರಡರಿಂದ ಏಳು ಮೀಟರ್‌ವರೆಗೆ ಶಾರ್ಪ್ ಅನ್ನುತ್ತೆ, ಅದು ಫಿಲ್ಮ್ ಕಾಲದ ಉದಾರತನ. ನೀನು 5.6ರ ಗೆರೆಯನ್ನೇ ನಂಬು, ಅಂದರೆ ಎರಡು ಚಿಲ್ಲರೆಯಿಂದ ಐದು ಮೀಟರ್. ಮೂರು ಮೀಟರ್ ಅಂದರೆ ನಿನ್ನ ಎಷ್ಟು ಹೆಜ್ಜೆ ಅಂತ ಮನೆ ಅಂಗಳದಲ್ಲೇ ಅಳೆದುಕೊಂಡು ಹೋಗು. ಮೈಸೂರಿನ ಫೋಟೋಗ್ರಾಫರ್ ಟಿ.ಎಸ್. ಸತ್ಯನ್ ಜನಸಾಮಾನ್ಯರ ಬದುಕನ್ನು ತೆಗೆದೇ ಹೆಸರಾದೋರು, 1977ರಲ್ಲಿ ಪದ್ಮಶ್ರೀ ಬಂತು. ಅವರ ಚಿತ್ರ ನೋಡಿದಾಗ ಯಾವ ಲೆನ್ಸು ಅಂತ ಕೇಳೋರೇ ಜಾಸ್ತಿ, ಎಷ್ಟು ಹತ್ತಿರ ನಿಂತಿದ್ದರು ಅಂತ ಕೇಳೋರು ಕಡಿಮೆ.

ಬೆಟ್ಟ ಹತ್ತುವಾಗ ಒಂದೇ ಲೆನ್ಸ್ ಒಯ್ಯಿ. ಮೆಟ್ಟಿಲ ಮೇಲೆ ಬಾಡಿ ಬಿಚ್ಚಿಕೊಂಡು ಕೂತರೆ ಸೆನ್ಸರಿಗೆ ಧೂಳು ಗ್ಯಾರಂಟಿ, ಪಕ್ಕದಲ್ಲಿಟ್ಟ ಕ್ಯಾಪು ಕೋತಿ ಪಾಲು. ಹಳೇ ಲೆನ್ಸಿನ ಅಸಲಿ ಕ್ಯಾಪು ಮತ್ತೆ ಹುಡುಕೋದು ಲೆನ್ಸ್ ಹುಡುಕಿದ್ದಕ್ಕಿಂತ ಕಷ್ಟ.