ಹಳೆಯ ಔಟ್‌ಬೋರ್ಡ್ ದೋಣಿ: ಹೊಸ ಎಂಜಿನ್ ಖರೀದಿಗೆ ಮುನ್ನ



ಬಸವಸಾಗರ ಜಲಾಶಯದಿಂದ ಅಧಿಕ ನೀರು ಹೊರಬಿಟ್ಟಾಗ ಲಿಂಗಸುಗೂರು ತಾಲ್ಲೂಕಿನ ಕೃಷ್ಣಾ ನಡುಗಡ್ಡೆಗಳ ಸಂಪರ್ಕ ಕಡಿದುಹೋಗುತ್ತದೆ. ಅಂತಹ ದಿನ ಗರ್ಭಿಣಿಯನ್ನು ದಡ ಸೇರಿಸಬೇಕಾದರೆ ದೋಣಿಯೇ ಆಧಾರ. ಹಳೆಯ ದೋಣಿ ನಿಧಾನವಾಯಿತೆಂಬ ದೂರು ಬಂದಾಗ ಹೆಚ್ಚು ಅಶ್ವಶಕ್ತಿಯ ಎಂಜಿನ್ ಕೊಳ್ಳುವ ಸಲಹೆ ಸಹಜವಾಗಿ ಮುಂದೆ ಬರುತ್ತದೆ. ಆದರೆ ದೋಷವು ಅನೇಕ ವೇಳೆ ಎಂಜಿನ್ನಿನ ಶಕ್ತಿಯಲ್ಲಿರದೆ ಜೋಡಣೆ ಮತ್ತು ನಿರ್ವಹಣೆಯಲ್ಲಿ ಇರುತ್ತದೆ. ಆದುದರಿಂದ ಕೆಳಗಿನ ಅಂಶಗಳನ್ನು ಮೊದಲು ಪರಿಶೀಲಿಸುವುದು ಅವಶ್ಯಕ.

1. ಹಿಂಬದಿಯ ಹಲಗೆ: ಎಂಜಿನ್ನಿನ ಭಾರವನ್ನೂ ಅದು ತಳ್ಳುವ ಬಲವನ್ನೂ ಹೊರುವುದು ಈ ಹಲಗೆಯೇ. ಸುತ್ತಿಗೆಯಿಂದ ಮೆಲ್ಲನೆ ತಟ್ಟಿದಾಗ ಮಂದ ಸದ್ದು ಬಂದರೆ ಒಳಗಿನ ಮರ ಕೊಳೆತಿರುವ ಸಂಭವವುಂಟು. ಸಮಾನ ಶಕ್ತಿಯ ಎರಡು-ಸ್ಟ್ರೋಕ್ ಎಂಜಿನ್ನಿಗಿಂತ ನಾಲ್ಕು-ಸ್ಟ್ರೋಕ್ ಎಂಜಿನ್ ಸಾಮಾನ್ಯವಾಗಿ ಭಾರವಾಗಿರುತ್ತದೆ. ಭಾರ ಹೆಚ್ಚಿದರೆ ದೋಣಿಯ ಹಿಂಭಾಗ ತಗ್ಗಿ, ಅಲೆಯ ನೀರು ಒಳನುಗ್ಗಬಹುದು.

2. ಎಂಜಿನ್ನಿನ ಎತ್ತರ: ಪ್ರೊಪೆಲ್ಲರಿನ ಮೇಲ್ಭಾಗದಲ್ಲಿರುವ ಚಪ್ಪಟೆ ತಟ್ಟೆಯು ದೋಣಿಯ ತಳದ ಮಟ್ಟದಲ್ಲಿ ಅಥವಾ ತುಸು ಮೇಲೆ ಇರತಕ್ಕದ್ದು. ಬಹಳ ಕೆಳಗಿದ್ದರೆ ನೀರಿನ ಎಳೆತ ಹೆಚ್ಚಿ ವೇಗ ಕುಂದುತ್ತದೆ. ಬಹಳ ಮೇಲಿದ್ದರೆ ಪ್ರೊಪೆಲ್ಲರ್ ಗಾಳಿಯನ್ನು ಎಳೆದುಕೊಂಡು ಎಂಜಿನ್ ವ್ಯರ್ಥವಾಗಿ ಅಬ್ಬರಿಸುತ್ತದೆ.

3. ಪ್ರೊಪೆಲ್ಲರ್: ಎಂದಿನ ಹೊರೆಯೊಡನೆ ಪೂರ್ಣ ವೇಗದಲ್ಲಿ ಚಲಿಸಿದಾಗ ಎಂಜಿನ್ ತನ್ನ ಕೈಪಿಡಿಯಲ್ಲಿ ಸೂಚಿಸಿರುವ ಸುತ್ತುಗಳ ಮಿತಿಯನ್ನು ಮುಟ್ಟಬೇಕು. ಮುಟ್ಟದಿದ್ದರೆ ಕಡಿಮೆ ಪಿಚ್‌ನ ಪ್ರೊಪೆಲ್ಲರ್ ಅಳವಡಿಸಬೇಕು. ಪಿಚ್ 1 ಅಂಗುಲ ಇಳಿದರೆ ನಿಮಿಷಕ್ಕೆ ಸುಮಾರು 150ರಿಂದ 200 ಸುತ್ತು ಏರುತ್ತದೆ. ಬಾಗಿದ ಅಥವಾ ಮುರಿದ ಅಲಗುಗಳನ್ನು ಮೊದಲೇ ಸರಿಪಡಿಸಬೇಕು.

4. ತಂಪುಗೊಳಿಸುವ ನೀರು: ಎಂಜಿನ್ ನಡೆಯುವಾಗ ಅದರ ಸೂಚಕ ರಂಧ್ರದಿಂದ ನೀರು ಧಾರೆಯಾಗಿ ಚಿಮ್ಮುತ್ತಿರಬೇಕು. ಪ್ರವಾಹದ ಮರಳುಮಿಶ್ರಿತ ನೀರು ಪಂಪಿನ ರಬ್ಬರ್ ಇಂಪೆಲ್ಲರನ್ನು ಸವೆಸುತ್ತದೆ. ನೀರಿಲ್ಲದೆ ಎಂಜಿನ್ ಚಾಲನೆ ಮಾಡುವುದು ಸಲ್ಲದು.

5. ಇಂಧನ: ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಅಂಟಾಗಿ ಕಾರ್ಬುರೇಟರಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತದೆ. ಹಳೆಯ ಇಂಧನವನ್ನು ತೆಗೆದು, ಕಾರ್ಬುರೇಟರ್ ಶುಚಿಗೊಳಿಸಿ, ಬಿರುಕುಬಿಟ್ಟ ಕೊಳವೆ ಹಾಗೂ ಸವೆದ ಪ್ಲಗ್‌ಗಳನ್ನು ಬದಲಿಸಬೇಕು. ಎರಡು-ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆಯ ಪ್ರಮಾಣ ಕೈಪಿಡಿಯಂತೆಯೇ ಇರಬೇಕು. ಉದಾಹರಣೆಗೆ, 50:1 ಎಂದಿದ್ದಲ್ಲಿ 1 ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಎಣ್ಣೆ.

ಇಷ್ಟಾದ ಬಳಿಕವೂ ದೋಣಿ ನಿಧಾನವಾಗಿದ್ದಲ್ಲಿ ಮಾತ್ರ ಹೊಸ ಎಂಜಿನ್ ಕುರಿತು ಚರ್ಚಿಸುವುದು ಸೂಕ್ತ. ಆಗಲೂ ದೋಣಿಗೆ ನಿಗದಿಪಡಿಸಿದ ಗರಿಷ್ಠ ಅಶ್ವಶಕ್ತಿಯನ್ನು ಮೀರಬಾರದು.

ಮಳೆಗಾಲ ಆರಂಭವಾಗುವ ಮೊದಲೇ ನುರಿತ ಮೆಕ್ಯಾನಿಕ್‌ನಿಂದ ಈ ಕೆಲಸಗಳನ್ನು ಮಾಡಿಸಿ, ಪೂರ್ಣ ಹೊರೆಗೆ ಸಮನಾದ ಮರಳಿನ ಚೀಲಗಳನ್ನಿಟ್ಟು ನಿಂತ ನೀರಿನಲ್ಲಿ ಪರೀಕ್ಷಿಸಬೇಕು. ಚಾಲಕ ಬಿದ್ದರೆ ಎಂಜಿನ್ ನಿಲ್ಲಿಸುವ ಹಗ್ಗ, ಪ್ರತಿಯೊಬ್ಬರಿಗೂ ಜೀವರಕ್ಷಕ ಜಾಕೆಟ್ ಮತ್ತು ಒಂದು ಜೊತೆ ಹುಟ್ಟು ದೋಣಿಯಲ್ಲಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ನೆರೆ ಬಂದ ದಿನ ಹಗ್ಗ ಎಳೆದೊಡನೆ ಎಂಜಿನ್ ಚಾಲನೆಗೊಳ್ಳಬೇಕಾದರೆ ಅದರ ಸಿದ್ಧತೆ ಬೇಸಿಗೆಯಲ್ಲಿಯೇ ಆಗಿರಬೇಕು.